ಹನ್ನೆರಡನೇ ತಾರೀಖು

ನಾನು ಸರಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಂಟೆ ಹೊಡೆದೆ. ಮೊದಲು ಸುರಪುರದಲ್ಲಿ, ಆಮೇಲೆ ಶಹಾಪುರದಲ್ಲಿ. ಕಸ ಗುಡಿಸಿದೆ, ನೀರು ತುಂಬಿದೆ, ಹೆಡ್‌ಮಾಸ್ತರರಿಗೆ ಚಹಾ ತಂದುಕೊಟ್ಟೆ. ಆದರೆ ನನ್ನ ಕೆಲಸ ಯಾವುದು ಎಂದರೆ ಗಂಟೆ. ಅದು ಒಂದು ನಿಮಿಷ ಹಿಂದೆ ಮುಂದೆ ಆದರೆ ಇಡೀ ಶಾಲೆ ಬೈಯುತ್ತಿತ್ತು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ನಿಧಾನವಾಗಿ ಬರೆಯುತ್ತೇನೆ. ಗಡಿಯಾರ ಮಾತ್ರ ಚೆನ್ನಾಗಿ ಓದುತ್ತೇನೆ.

ಆ ಕೆಲಸ ಮೊದಲು ನನ್ನ ಗಂಡನದು. ಆತ ಸತ್ತ ಮೇಲೆ ನನಗೆ ಕೊಟ್ಟರು. ಕೆಲಸದ ಜೊತೆ ಆತನ ಸಾಲವೂ ಬಂತು. ದಿನಕರ್ಮ ಮುಗಿದ ಮರುದಿನ ಐದು ಜನ ಚೀಟಿ ಹಿಡಿದುಕೊಂಡು ಬಾಗಿಲಿಗೆ ಬಂದರು. ಒಂಬತ್ತು ವರ್ಷ ನನ್ನ ಪಗಾರದಲ್ಲಿ ಕಟ್ಟಿದೆ. ಕೊನೆಯ ಕಂತು ಕಟ್ಟಿ ಬಂದ ದಿನ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡೆ. ಇನ್ನು ಯಾರ ಹತ್ತಿರವೂ ತರುವುದಿಲ್ಲ, ಯಾರಿಗೂ ಕೊಡುವುದಿಲ್ಲ.

ನಮ್ಮ ಓಣಿಯಲ್ಲಿ ಹಾಗೆ ಬದುಕುವವರು ಯಾರೂ ಇಲ್ಲ. ಒಬ್ಬಳು ಒಂದು ಬಟ್ಟಲು ಸಕ್ಕರೆ ಒಯ್ಯುತ್ತಾಳೆ, ಹಿಂದಿರುಗಿಸುವಾಗ ಮೇಲೊಂದು ಮುಷ್ಟಿ ಹಾಕಿ ತರುತ್ತಾಳೆ. ಆ ಮುಷ್ಟಿಗಾಗಿ ಈಕೆ ಮತ್ತೆ ಆಕೆಯ ಮನೆಗೆ ಹೋಗುತ್ತಾಳೆ. ಹೀಗೆ ಅವರ ನಡುವೆ ಲೆಕ್ಕ ಎಂದೂ ಮುಗಿಯುವುದಿಲ್ಲ, ಹೋಗಿಬರುವುದೂ ನಿಲ್ಲುವುದಿಲ್ಲ. ಒಮ್ಮೆ ಯಾರೋ ತಂದ ಸಕ್ಕರೆ ಬಟ್ಟಲಿನ ಮೇಲೆ ಬೆರಳು ಎಳೆದು ಸಮ ಮಾಡಿ, ಹೆಚ್ಚಾದದ್ದನ್ನು ಅವರ ಕೈಗೇ ವಾಪಸು ಕೊಟ್ಟೆ. ಆಮೇಲೆ ಸಕ್ಕರೆಗೆ ಯಾರೂ ಬರಲಿಲ್ಲ. ಒಳ್ಳೆಯದಾಯಿತು ಎಂದುಕೊಂಡೆ. ಮಕ್ಕಳಾಗಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲು ಹಾಕಿದರೆ ಹಾಕಿಯೇ ಇರುತ್ತಿತ್ತು, ತೆರೆದರೆ ತೆರೆದೇ ಇರುತ್ತಿತ್ತು.

ಒಬ್ಬಳು ಮಾತ್ರ ಬರುತ್ತಿದ್ದಳು. ಎದುರು ಸಾಲಿನಲ್ಲಿ ಖಾನಾವಳಿ ನಡೆಸುವವಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಮಧ್ಯಾಹ್ನದ ಊಟದ ಗದ್ದಲ ಮುಗಿಸಿ, ಮೂರು ಗಂಟೆಗೆ ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ನನ್ನ ಹೊಸ್ತಿಲ ಮೇಲೆ ಕೂತರೆ ನಾಲ್ಕೂವರೆಯವರೆಗೆ ಬಾಯಿ ಮುಚ್ಚುತ್ತಿರಲಿಲ್ಲ. ನಾನು ಚಹಾ ಮಾಡುತ್ತಿದ್ದೆ. ಎರಡು ರೊಟ್ಟಿಯ ದುಡ್ಡನ್ನು ಆಕೆಯ ಪಕ್ಕದಲ್ಲಿ ಇಡುತ್ತಿದ್ದೆ.

"ಏನ್ ಯಕ್ಕಾ, ನಾ ಇಲ್ಲೇನ್ ಅಂಗಡಿ ತಗದೀನೇನ?"

"ಅಲ್ಲಿ ತಿಂದವ್ರು ಕೊಡ್ತಾರಿಲ್ಲೋ? ಹಂಗ ನಾನೂ."

"ಹಂಗಾರ ನಿನ್ನ ಚಹಾದ ರೊಕ್ಕಾ ನಾ ಕೊಡ್ಲಿ?"

"ಚಹಾ ನಾ ಕುಡೀಲಿಕ್ಕೇ ಮಾಡೇನಿ. ಉಳದದ್ದು ನಿನಗ."

ಆಕೆ ನಗುತ್ತಿದ್ದಳು. ಬೈದರೂ ನಗುವವಳು. ಹನ್ನೊಂದು ವರ್ಷ ಹಾಗೆ ಬಂದಳು.

ನಾನು ನಿವೃತ್ತಿಯಾದಾಗ ಬಂದ ದುಡ್ಡನ್ನು ಬ್ಯಾಂಕಿನಲ್ಲಿ ಡಿಪಾಜಿಟ್ ಇಟ್ಟಿದ್ದೆ. ಅಲ್ಲಿನ ಕೌಂಟರಿನ ಹೆಣ್ಣುಮಗಳು ಒಂದು ದಿನ ಕೇಳಿದಳು, "ಅಮ್ಮಾರ, ದವಾಖಾನಿ ಖರ್ಚು ಬಂದ್ರ ಡಿಪಾಜಿಟ್ ಮುರೀತೀರೇನ್ರಿ? ಅದರ ಮ್ಯಾಲೆ ಒಂದು ಕ್ರೆಡಿಟ್ ಕಾರ್ಡ್ ತಗೋರಿ." ಸಾಲದ ಕಾರ್ಡು ಬೇಡ ಎಂದೆ. ಆಕೆ ಬಿಡಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂಡಿಸಿಕೊಂಡು ಹೇಳಿದಳು. ತಿಂಗಳಿಗೊಮ್ಮೆ ಬಿಲ್ಲಾಗುತ್ತದೆ. ನಿಮ್ಮದು ಇಪ್ಪತ್ಮೂರಕ್ಕೆ. ಕಟ್ಟುವ ಕಡೆಯ ದಿನ ಹನ್ನೆರಡು. ಅಷ್ಟರೊಳಗೆ ಪೂರಾ ಕಟ್ಟಿದರೆ ಒಂದು ಪೈಸೆ ಬಡ್ಡಿ ಇಲ್ಲ. ಬಿಲ್ಲಿನಲ್ಲಿ ಕೆಳಗೆ ಒಂದು ಸಣ್ಣ ಮೊತ್ತ ಇರುತ್ತದೆ, ಇಷ್ಟು ಕಟ್ಟಿದರೆ ಸಾಕು ಎಂದು. ಅದನ್ನು ನಂಬಿದವರು ಕೆಟ್ಟರು, ಉಳಿದದ್ದರ ಮೇಲೆ ಬಡ್ಡಿ ಏರುತ್ತಲೇ ಇರುತ್ತದೆ. ಈ ಕಾರ್ಡು ಹಾಕಿ ಎಟಿಎಂನಲ್ಲಿ ನಗದು ತೆಗೆಯಬಾರದು, ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ. ನಂಬರು ಯಾರಿಗೂ ಹೇಳಬಾರದು, ಫೋನ್ ಮಾಡಿ ಕೇಳಿದವರು ಬ್ಯಾಂಕಿನವರೇ ಅಂದರೂ.

ಎರಡು ತಾರೀಖು ಇಟ್ಟುಕೊಳ್ಳುವುದು ನನಗೇನು ಕಷ್ಟ? ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ಮೂರಕ್ಕೆ ಕೆಂಪು ಸುತ್ತು, ಹನ್ನೆರಡಕ್ಕೆ ಕರಿ ಗೆರೆ ಹಾಕಿದೆ. ಇನ್ನೊಂದನ್ನು ನಾನೇ ಕಂಡುಕೊಂಡೆ. ಪಿಂಚಣಿ ಬಂದ ದಿನವೇ ನಗದು ತಂದು ಮನೆಯಲ್ಲಿ ಇಟ್ಟುಕೊಳ್ಳುವವಳು ನಾನು. ಕಾರ್ಡಿನಲ್ಲಿ ಇನ್ನೂರರ ಗುಳಿಗೆ ತಂದರೆ, ಅದೇ ದಿನ ಇನ್ನೂರು ರೂಪಾಯಿ ಎಣಿಸಿ ಬಿಸ್ಕೀಟಿನ ಡಬ್ಬಿಗೆ ಹಾಕುತ್ತಿದ್ದೆ. ಡಬ್ಬಿಗೆ ಬಿದ್ದದ್ದು ಖರ್ಚಾದ ದುಡ್ಡು, ನನ್ನದಲ್ಲ. ಹನ್ನೊಂದನೇ ತಾರೀಖು ಡಬ್ಬಿ ತೆಗೆದುಕೊಂಡು ಬ್ಯಾಂಕಿಗೆ ಹೋಗುತ್ತಿದ್ದೆ. ಒಂದು ತಿಂಗಳೂ ತಪ್ಪಲಿಲ್ಲ.

ಇದನ್ನೆಲ್ಲ ಖಾನಾವಳಿಯವಳಿಗೆ ಹೇಳುತ್ತಿದ್ದೆ. ಅದೇ ಎಡವಟ್ಟಾಯಿತು.

ಆಕೆಯ ಬಲಗೈ ಮಣಿಕಟ್ಟು ಬಾತಿತ್ತು. ದಿನಾ ಬಿಸಿನೀರು ಹಾಕಿ ಅಷ್ಟು ಜೋಳದ ಹಿಟ್ಟು ನಾದಿದರೆ ಇನ್ನೇನಾಗುತ್ತದೆ? ಡಾಕ್ಟರು ನಾದುವುದು ಬಿಡು ಎಂದರಂತೆ. ಯಾದಗಿರಿಯ ಅಂಗಡಿಯೊಂದರಲ್ಲಿ ಹಿಟ್ಟು ನಾದುವ ಯಂತ್ರ ನೋಡಿ ಬಂದಿದ್ದಳು. ಹದಿನೆಂಟು ಸಾವಿರ. ಕಾರ್ಡಿದ್ದರೆ ಆರು ಕಂತು, ತಿಂಗಳಿಗೆ ಮೂರು ಸಾವಿರ, ಬಡ್ಡಿ ಇಲ್ಲ. ಒಂದು ವಾರ ಸುತ್ತಿ ಸುತ್ತಿ ಅದೇ ಮಾತು ಆಡಿದಳು, ಕೇಳಲಿಲ್ಲ. ಎಂಟನೇ ದಿನ ಕೇಳಿದಳು.

"ಯಕ್ಕಾ, ನಿನ್ನ ಕಾರ್ಡಿನ ಮ್ಯಾಲೆ ಕೊಡಸ್ತೀಯೇನ? ಹತ್ತನೇ ತಾರೀಖಿಗೆ ನಿನ್ನ ಕೈಯಾಗ ರೊಕ್ಕಾ ಇಡ್ತೀನಿ."

ನಾನು ಆ ಬಾತ ಕೈ ನೋಡಿದೆ. ಹ್ಞೂಂ ಎಂದೆ. ಯಾಕೆ ಎಂದೆನೋ. ಆಕೆ ಬರುವುದು ನಿಂತೀತು ಎನ್ನುವ ಹೆದರಿಕೆಯೂ ಇತ್ತು. ಅದನ್ನು ಆಗ ಒಪ್ಪಿಕೊಂಡಿರಲಿಲ್ಲ.

ಕಾರ್ಡು ಆಕೆಯ ಕೈಗೆ ಕೊಡಲಿಲ್ಲ. ಇಬ್ಬರೂ ಬಸ್ಸು ಹತ್ತಿ ಯಾದಗಿರಿಗೆ ಹೋದೆವು. ಕಿಟಕಿಯ ಸೀಟಿಗೆ ಜಗಳಾಡಿದೆವು. ಭೀಮಾ ನದಿಯ ಸೇತುವೆ ಬಂದಾಗ ಆಕೆ ಒಂದು ರೂಪಾಯಿ ತೆಗೆದು ಹೊಳೆಗೆ ಎಸೆದಳು. "ಅದನ್ನೂ ನಾನೇ ಕಟ್ಟಬೇಕೇನ?" ಎಂದೆ. ಮುಂದಿನ ಸೀಟಿನವರು ತಿರುಗಿ ನೋಡುವಂತೆ ನಕ್ಕಳು. ಅಂಗಡಿಯವನು ನನ್ನನ್ನು ನೋಡಿ, "ಕಾರ್ಡ್ ಯಾರದ್ರಿ? ಮಗಂದೇನ್ರಿ?" ಎಂದ. "ನಂದ ಐತಿ. ಯಾಕ, ಮುದುಕ್ಯಾರಿಗೆ ಕೊಡಂಗಿಲ್ಲೇನ?" ಎಂದೆ. ನಂಬರು ಒತ್ತುವಾಗ ಅವನಿಗೆ ಆಚೆ ನೋಡು ಎಂದೆ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು ಚಹಾ ಕುಡಿದೆವು. ಆಕೆಯೇ ದುಡ್ಡು ಕೊಟ್ಟಳು. ನನ್ನ ಪಾಲು ಕೊಡಲು ಹೋದೆ, ಕೈ ಮೇಲೆ ಹೊಡೆದಳು. ಅದೊಂದು ದಿನ ನಾನು ಸುಮ್ಮನಿದ್ದೆ.

ಎರಡು ತಿಂಗಳು ಹತ್ತನೇ ತಾರೀಖಿಗೆ ಸರಿಯಾಗಿ ತಂದುಕೊಟ್ಟಳು. ಮೂರನೇ ತಿಂಗಳು ಹತ್ತಕ್ಕೆ ಬರಲಿಲ್ಲ. ಹನ್ನೊಂದಕ್ಕೂ ಬರಲಿಲ್ಲ, ಮಧ್ಯಾಹ್ನ ಮಾತಿಗೂ ಬರಲಿಲ್ಲ. ಹನ್ನೆರಡಕ್ಕೆ ನನ್ನ ಮನೆಖರ್ಚಿನ ದುಡ್ಡಿನಿಂದ ಮೂರು ಸಾವಿರ ತೆಗೆದು ಕಟ್ಟಿದೆ. ಬ್ಯಾಂಕಿನ ಲೆಕ್ಕ ಚುಕ್ತಾ. ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಗಂಟೆ ಹೊಡೆಯಲು ಎತ್ತಿದ ಕೈಯನ್ನು ಯಾರೋ ತಡೆದ ಹಾಗೆ ಮೈಯೆಲ್ಲ ಉರಿಯುತ್ತಿತ್ತು.

ಹದಿಮೂರಕ್ಕೆ ಮಧ್ಯಾಹ್ನ ಒಂದೂವರೆಗೆ ಖಾನಾವಳಿಗೆ ಹೋದೆ. ಹೊತ್ತು ನೋಡಿಯೇ ಹೋದೆ ಎಂದು ಈಗ ಹೇಳುತ್ತೇನೆ. ಬೆಂಚುಗಳು ತುಂಬಿದ್ದವು. ಯಂತ್ರ ಗುರ್ ಎನ್ನುತ್ತಿತ್ತು.

"ನಿನ್ನ ತಾರೀಖ ಮುಗದೈತಿ," ಎಂದೆ. ಶಾಲೆಯ ಬಯಲಿನಲ್ಲಿ ಕೂಗಿದ ಗಂಟಲು ನನ್ನದು.

ಆಕೆ ಒಲೆಯ ಮುಂದಿನಿಂದ ಎದ್ದು ಬಂದಳು. "ಯಕ್ಕಾ, ಮಂದಿ ಊಟಕ್ಕ ಕುಂತಾರ. ಆಮ್ಯಾಲೆ ಬರ್ತೀನಿ, ನೀ ನಡಿ."

"ಊಟಕ್ಕ ಕುಂತವ್ರು ರೊಕ್ಕಾ ಕೊಟ್ಟೇ ಏಳ್ತಾರ. ನಿನ್ನಂಗ ತಿಂದು ಸುಮ್ಮ ಕುಂದ್ರಂಗಿಲ್ಲ."

ಒಬ್ಬ ಕಂಡಕ್ಟರ್ ಬಾಯಲ್ಲಿ ತುತ್ತಿಟ್ಟುಕೊಂಡೇ ನಕ್ಕ. ಅವನನ್ನು ನೋಡಿ ಇನ್ನಿಬ್ಬರು ನಕ್ಕರು. ಆಕೆ ಹಿಟ್ಟಿನ ಕೈಯಲ್ಲೇ ಯಂತ್ರ ಬಂದ್ ಮಾಡಿದಳು. ಒಮ್ಮೆಲೇ ಸದ್ದಿಲ್ಲದಂತಾಯಿತು.

ಮರುದಿನ ಮೂರು ಗಂಟೆಗೆ ಬಂದಳು. ಹೊಸ್ತಿಲ ಮೇಲೆ ಕೂರಲಿಲ್ಲ, ಕೆಳಗೇ ನಿಂತಳು. ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ, ಕಡ್ಡಿ ಸಿಕ್ಕಿಸಿದ್ದಳು. ನಾಲ್ಕು ಕಂತು ಸೇರಿಸಿ ಹನ್ನೆರಡು ಸಾವಿರ ಹೊಸ್ತಿಲ ಮೇಲೆ ಇಟ್ಟಳು.

"ಎಣಸ್ಕೋ," ಎಂದಳು.

ಎಣಿಸಿದೆ. ಆಕೆ ನಿಂತೇ ಇದ್ದಳು. ನಡುವೆ ಎರಡು ನೋಟು ಅಂಟಿಕೊಂಡಿದ್ದವು, ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದೆ. ಬೈದದ್ದಕ್ಕಿಂತ ಆ ಎಣಿಕೆಯೇ ಆಕೆಗೆ ಹೆಚ್ಚು ನಾಟಿರಬೇಕು. ಬೈಗುಳ ಸಿಟ್ಟಿನಲ್ಲಿ ಬಂತು ಅನ್ನಬಹುದಿತ್ತು. ಎಣಿಸಿದ್ದನ್ನು ಏನೆಂದು ಹೇಳಲಿ?

"ಸರಿ ಅದ," ಎಂದೆ. ಹೋದಳು. ಮತ್ತೆ ಬರಲಿಲ್ಲ.

ಆಮೇಲೆ ಬೇರೆಯವರಿಂದ ಗೊತ್ತಾಯಿತು. ಯಾವುದೋ ಆಫೀಸಿನವರು ತರಬೇತಿ ಎಂದು ಮೂರು ದಿನ ನಲವತ್ತು ಜನಕ್ಕೆ ಊಟ ಹೇಳಿ, ಬಿಲ್ಲು ಪಾಸಾಗಿಲ್ಲ ಎಂದು ದುಡ್ಡು ನಿಲ್ಲಿಸಿದ್ದರಂತೆ. ಆ ಎರಡು ದಿನ ಆಕೆ ಮಧ್ಯಾಹ್ನವೆಲ್ಲ ಅವರ ಬಾಗಿಲಲ್ಲಿ ನಿಂತಿದ್ದಳಂತೆ, ನನ್ನ ಕಂತಿಗಾಗಿ.

ಮೂರನೇ ಕಂತು ನಾನು ಕಟ್ಟಿಯಾಗಿತ್ತು. ಉಳಿದ ಒಂಬತ್ತು ಸಾವಿರ ನನ್ನ ಡಬ್ಬಿಯಲ್ಲಿ ಬಿದ್ದಿತ್ತು. ತಿಂಗಳಿಗೆ ಮೂರು ಸಾವಿರ ತೆಗೆದು ಕಟ್ಟುತ್ತಿದ್ದೆ. ಬೆಂಡೋಲೆ ಹೋದದ್ದು ಒಂದೇ ದಿನಕ್ಕೆ, ದುಡ್ಡು ಬೇಕಾದದ್ದು ಮೂರು ತಿಂಗಳಿಗೆ. ಒಮ್ಮೆ ಡಬ್ಬಿ ಹಿಡಿದುಕೊಂಡು ಆಕೆಯ ಬಾಗಿಲವರೆಗೆ ಹೋದೆ. ಒಳಗೆ ಯಾರೊಡನೆಯೋ ನಗುತ್ತಿದ್ದಳು. ತಿರುಗಿ ಬಂದೆ.

ಕೊನೆಯ ಕಂತು ಕಟ್ಟಿದ ದಿನ ಬ್ಯಾಂಕಿನ ಹೆಣ್ಣುಮಗಳು ನನ್ನ ಫೋನಿಗೆ ಬಂದ ಮೆಸೇಜು ಓದಿ ಹೇಳಿದಳು. "ಅಮ್ಮಾರ, ನಿಮ್ಮ ಲಿಮಿಟ್ ಜಾಸ್ತಿ ಮಾಡ್ಯಾರ್ರಿ. ನಿಮ್ಮಷ್ಟು ಕರೆಕ್ಟ್ ಕಟ್ಟವರು ನಮ್ಮಲ್ಲಿ ಯಾರೂ ಇಲ್ರಿ." ಮನೆಗೆ ಬಂದೆ. ಮೂರು ಗಂಟೆಯಾಗಿತ್ತು. ಹೇಳಲು ಯಾರೂ ಇರಲಿಲ್ಲ. ಎದುರಿನಿಂದ ಯಂತ್ರದ ಸದ್ದು ಬರುತ್ತಿತ್ತು. ನನ್ನ ಕಾರ್ಡಿನ ಯಂತ್ರ. ಬೆಳಿಗ್ಗೆ ಒಮ್ಮೆ, ಸಂಜೆಗೆಂದು ಮಧ್ಯಾಹ್ನ ಒಮ್ಮೆ. ಅದನ್ನು ಕೇಳಿ ನಾನು ಹೊತ್ತು ಹೇಳಬಲ್ಲೆ. ಒಂದೊಂದು ದಿನ ಬೆಳಿಗ್ಗೆ ಹಾಲಿನವನೊಡನೆ ಎರಡು ಮಾತಾಡಿದ್ದು ಬಿಟ್ಟರೆ ಸಂಜೆಯವರೆಗೆ ಬಾಯಿ ತೆರೆಯುವ ಕೆಲಸವೇ ಇರುತ್ತಿರಲಿಲ್ಲ.

ಮಳೆಗಾಲ ಕಳೆಯಿತು. ಒಂದು ದಿನ ಸ್ಟೀಲ್ ಡಬ್ಬಿ ಹಿಡಿದುಕೊಂಡು ಖಾನಾವಳಿಗೆ ಹೋದೆ. ಊಟದವರು ಎದ್ದು ಹೋಗಿದ್ದರು.

"ನಾಕ ರೊಟ್ಟಿ," ಎಂದೆ.

ಆಕೆ ಮುಖ ನೋಡದೆ ಡಬ್ಬಿಗೆ ಹಾಕಿದಳು. "ನಲವತ್ತು."

"ಇವತ್ತು ಇಲ್ಲ. ಬರಕೋ."

ಈಗ ನೋಡಿದಳು. ಗೋಡೆಗೆ ಉದ್ರಿ ಇಲ್ಲ ಎಂದು ಬೋರ್ಡಿತ್ತು. "ಬೋರ್ಡ್ ಓದಾಕ ಬರಂಗಿಲ್ಲೇನ?" ಎಂದಳು.

"ಮೂರನೇ ಕ್ಲಾಸ್ ಕಲತಾಕಿ. ಓದೇನಿ."

"ಯಾವಾಗ ಕೊಡ್ತಿ?"

"ಹನ್ನೆರಡಕ್ಕ."

ಆಕೆ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಒಲೆಯ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದಳು. ಜೀವಮಾನದಲ್ಲಿ ನನ್ನ ಮೇಲೆ ನಾನೇ ಬರೆಸಿದ ಮೊದಲ ಬಾಕಿ ಅದು.

ಹನ್ನೆರಡು ಬಂತು. ನಲವತ್ತು ರೂಪಾಯಿ ಬಿಸ್ಕೀಟ್ ಡಬ್ಬಿಯಲ್ಲಿತ್ತು. ಹೋಗಲಿಲ್ಲ. ಆ ದಿನ ಮನೆಯಲ್ಲಿ ಕೂರಲಾಗಲಿಲ್ಲ, ಮೂರು ಸಲ ಅಂಗಳ ಗುಡಿಸಿದೆ. ಹದಿಮೂರು, ಹದಿನಾಲ್ಕು. ಯಾರೂ ಬರಲಿಲ್ಲ. ಹದಿನೈದಕ್ಕೆ ಮೂರು ಗಂಟೆಗೆ ಆಕೆ ಬಂದು ಹೊಸ್ತಿಲ ಕೆಳಗೆ ನಿಂತಳು.

"ನಲವತ್ತು ರೂಪಾಯಿ."

ಒಳಗೆ ಹೋಗಿ ಹತ್ತರ ಮೂರು ನೋಟು ತಂದುಕೊಟ್ಟೆ. ಎಣಿಸಿದಳು. ನನ್ನಷ್ಟೇ ನಿಧಾನವಾಗಿ ಎಣಿಸಿದಳು.

"ಹತ್ತು ಕಡಿಮಿ ಅದ."

"ಅದು ಬಾಕಿ ಇರ್ಲಿ."

ನನ್ನ ಹಿಂದೆ ಗೂಡಿನಲ್ಲಿದ್ದ ಬಿಸ್ಕೀಟ್ ಡಬ್ಬಿ ಆಕೆಗೆ ಕಾಣುತ್ತಿತ್ತು. ಮುಚ್ಚಳ ತೆಗೆದೇ ಇತ್ತು. ನೋಡಿದಳು. ನಗಲಿಲ್ಲ. ಮೂವತ್ತು ರೂಪಾಯಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಡ್ಡಿ ಬೀಳ್ತದ ನೋಡ್ ಯಕ್ಕಾ," ಎಂದು ನಡೆದಳು. ಚಹಾ ಕುಡಿ ಎನ್ನುವಷ್ಟರಲ್ಲಿ ಓಣಿ ದಾಟಿದ್ದಳು.

ಎರಡು ತಿಂಗಳಾಯಿತು. ಇನ್ನೂ ಕೇಳಲು ಬಂದಿಲ್ಲ. ಕಾರ್ಡಿನ ಬಿಲ್ಲನ್ನು ಹನ್ನೊಂದಕ್ಕೇ ಕಟ್ಟುತ್ತೇನೆ. ಆ ಹತ್ತು ರೂಪಾಯಿ ಡಬ್ಬಿಯಲ್ಲಿದೆ. ನಾನಾಗಿ ಒಯ್ದು ಕೊಡುವುದಿಲ್ಲ.