ಅತ್ತೆಯ ಎಡಗೈ

ಯುದ್ಧ ಶುರುವಾಗಿ ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದ್ದ ದಿನಗಳಲ್ಲಿ ನನ್ನ ಅತ್ತೆಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಸ್ನಾನ ಮುಗಿಸಿ ಬಚ್ಚಲಿನಿಂದ ಹೊರಬರುತ್ತಿದ್ದವರು ಹೊಸ್ತಿಲ ಮೇಲೆ ಎಡಕ್ಕೆ ವಾಲಿ ಕುಸಿದರು. ಒಲೆಯ ಮುಂದಿದ್ದ ನಾನು ಓಡಿ ಬಂದು ಎತ್ತಲು ನೋಡಿದೆ, ಆಗಲಿಲ್ಲ. ಅವರ ಅರ್ಧ ಮೈ ನೆನೆದ ಜಮಖಾನೆಯಷ್ಟು ಭಾರವಾಗಿತ್ತು. ಡಾಕ್ಟರು ಬಂದು ನೋಡಿ, ಮಾತು ಉಳಿದಿದೆಯಲ್ಲ, ಅದೇ ದೊಡ್ಡದು, ಎಡಗೈ ಎಡಗಾಲು ಇನ್ನು ಬರುವುದು ಕಷ್ಟ ಎಂದು ಹೇಳಿ ಹೋದರು.

ನಾವಾಗ ಹುಬ್ಬಳ್ಳಿಯ ರೈಲ್ವೆ ಕಾರಖಾನೆಗೆ ಹತ್ತಿರದ ಓಣಿಯೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಮನೆಯವರು ಕಾರಖಾನೆಯಲ್ಲಿ ಫಿಟ್ಟರ್. ಯುದ್ಧದ ಕೆಲಸ ಹೆಚ್ಚಾಗಿದ್ದರಿಂದ ಕಾರಖಾನೆಯ ಬೆಳಗಿನ ಭೋಂಗಾ ಕೂಗಿದೊಡನೆ ಹೋದವರು ದೀಪ ಹಚ್ಚಿದ ಮೇಲೆಯೇ ಬರುತ್ತಿದ್ದರು. ಹಗಲೆಲ್ಲ ಮನೆಯಲ್ಲಿ ಅತ್ತೆ, ನಾನು, ಇನ್ನೂ ಸರಿಯಾಗಿ ಮಾತು ಬಾರದ ನಮ್ಮ ಮಗಳು, ಇಷ್ಟೇ ಜನ.

ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಇದ್ದೊಬ್ಬ ಮಗನನ್ನು ಬೆಳೆಸಿದವರು. ಹೆಚ್ಚು ಮಾತಿಲ್ಲ, ನಗು ಇನ್ನೂ ಕಡಿಮೆ. ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕಿದವರಲ್ಲ. ಎಡ ಅಂಗೈ ಮೇಲೆ ಲಿಂಗವಿಟ್ಟುಕೊಂಡು, ವಿಭೂತಿ ಧರಿಸಿ, ಪತ್ರಿ ಏರಿಸಿ, ರೆಪ್ಪೆ ಮಿಟುಕಿಸದೆ ಅದನ್ನೇ ನೋಡುತ್ತ ಕೂಡುವುದು ಅವರ ಪದ್ಧತಿ. ಈಗ ಆ ಅಂಗೈಯೇ ಇಲ್ಲದಂತಾಗಿತ್ತು. ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟರೆ ಜಾರಿ ಹಾಸಿಗೆಗೆ ಬೀಳುತ್ತಿತ್ತು. ಮಠದಿಂದ ಅಯ್ಯನವರು ಬಂದಾಗ, ಮೈಯಲ್ಲಿ ಶಕ್ತಿ ಇಲ್ಲದವರು ಲಿಂಗವನ್ನು ಎದೆಯ ಮೇಲಿಟ್ಟುಕೊಂಡು ನೆನೆದರೂ ನಡೆಯುತ್ತದೆ ಎಂದು ಸಮಾಧಾನ ಹೇಳಿದರು. ಅತ್ತೆ ತಲೆಯಾಡಿಸಲಿಲ್ಲ.

“ಅಂಗೈ ಮ್ಯಾಲ ಇಲ್ಲದ ಲಿಂಗಾನ ನಾ ಹೆಂಗ ನೋಡ್ಲಿರಿ?” ಎಂದರು.

ಆ ಕೈಗೆ ಆಸರೆಯಾಗುವ ಕೆಲಸ ಹೀಗೆ ನನ್ನದಾಯಿತು. ಅವರಿಗೆ ಮೈ ತೊಳೆದು, ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂಡಿಸಿ, ಎದುರು ನಾನು ಕೂತು, ನನ್ನ ಎರಡೂ ಕೈಗಳನ್ನು ಅವರ ಎಡಗೈ ಕೆಳಗೆ ಕೊಟ್ಟು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಬಲಗೈಯಿಂದ ಅವರೇ ಪೂಜೆ ಮಾಡುತ್ತಿದ್ದರು. ಆಮೇಲೆ ನೋಡುತ್ತ ಕೂಡುತ್ತಿದ್ದರು. ಎಷ್ಟು ಹೊತ್ತು ಎಂದು ನಾನು ಕೇಳುವಂತಿರಲಿಲ್ಲ.

ಪೂಜೆಗೆ ಕೂಡುವಷ್ಟರೊಳಗೆ ನನ್ನ ಅರ್ಧ ದಿನದ ದಣಿವು ಆಗಿಹೋಗಿರುತ್ತಿತ್ತು. ಕತ್ತಲಿದ್ದಾಗಲೇ ಎದ್ದು ಓಣಿಯ ಬಾವಿಯಲ್ಲಿ ಪಾಳಿ ಹಿಡಿದು ನೀರು ಸೇದಿ ತರಬೇಕು. ರೊಟ್ಟಿ ಬಡಿದು ಬುತ್ತಿ ಕಟ್ಟಬೇಕು. ಅತ್ತೆಯ ಹಾಸಿಗೆ ಬಟ್ಟೆ ಒಗೆಯಬೇಕು. ಅದಾದ ಮೇಲೆ ಕೈ ಹಿಡಿದು ಕೂತರೆ ಮೊಣಕೈಯಿಂದ ಭುಜದವರೆಗೆ ಸೆಳೆತ ಏರುತ್ತಿತ್ತು. ಅವರ ಕಣ್ಣು ಲಿಂಗದ ಮೇಲಿದ್ದರೆ ನನ್ನ ಕಣ್ಣು ಅವರ ತಲೆಯ ಹಿಂದಿನ ಗೋಡೆಯ ಮೇಲೆ. ಸುಣ್ಣ ಉದುರಿದ ಜಾಗಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಲಿಂಗ ನನ್ನ ಕೊರಳಲ್ಲೂ ಇತ್ತು. ಮದುವೆಯಾಗಿ ಬಂದಾಗಿನಿಂದ ಅದನ್ನು ಕರಡಿಗೆಯಿಂದ ತೆಗೆದು ಕಣ್ಣಿಗೊತ್ತಿಕೊಂಡು ಮತ್ತೆ ಮುಚ್ಚಿಡುವುದಷ್ಟೇ ನನ್ನ ಪೂಜೆ. ಅದಕ್ಕೂ ಒಂದು ಕಾಲು ಅಡುಗೆಮನೆಯ ಕಡೆಗೇ ಇರುತ್ತಿತ್ತು.

ನಮ್ಮ ಗೋಡೆಗೆ ಹೊಂದಿಕೊಂಡ ಮನೆಯಲ್ಲಿ ತಗಡಿನ ಟ್ರಂಕು, ಚಿಮಣಿ ದೀಪ ಮಾಡುವವರ ಸಂಸಾರವಿತ್ತು. ಆ ಮನೆಯಾಕೆ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನಾನು ಆಪಾ ಎನ್ನುತ್ತಿದ್ದೆ. ಮನೆ ತುಂಬ ಮಕ್ಕಳು, ಹಾಸಿಗೆ ಹಿಡಿದ ಮಾವ, ಅದರ ಮೇಲೆ ಊರವರ ಗಾದಿ ಹೊಲಿದುಕೊಡುವ ಕೆಲಸ. ಇಷ್ಟಿದ್ದರೂ ಮಸೀದಿಯ ಕೂಗು ಕೇಳಿದೊಡನೆ ಸೂಜಿ ಚುಚ್ಚಿಟ್ಟು, ಕೈಕಾಲು ತೊಳೆದು ಚಾಪೆ ಹಾಸುತ್ತಿದ್ದರು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ, ಅಲ್ಲೇ ಗಾದಿ ಹೊಲಿಯುತ್ತ ಕೂತಿದ್ದ ಅವರನ್ನು ಕೇಳಿದೆ, ಇಷ್ಟು ಕೆಲಸದ ನಡುವೆ ದಿನಕ್ಕೆ ಐದು ಸಲ ಏಳುವುದು ನಿಮಗೆ ಸಾಕೆನಿಸುವುದಿಲ್ಲವೇ ಎಂದು. ಅವರು ಹಲ್ಲಿನಿಂದ ದಾರ ಕಡಿದು, ನನ್ನ ಮುಖ ನೋಡಿದರು.

“ಖರೇ ಹೇಳ್ಲೇನು ತಂಗಿ? ದಣಿವೇನೂ ಹೋಗಂಗಿಲ್ಲ. ಆದ್ರ ಚಾಪಿ ಮ್ಯಾಲ ನಿಂತಾಗ ನನ್ನ ಯಾರೂ ಕರಿಯಂಗಿಲ್ಲ. ಗಂಡ ಕರಿಯಂಗಿಲ್ಲ, ಮಕ್ಕಳು ಕರಿಯಂಗಿಲ್ಲ. ಅಷ್ಟೊತ್ತು ಅಲ್ಲಾನ ಮುಂದ ನಾ ಒಬ್ಬಾಕಿನೇ.”

ಆ ಮಾತು ಕೇಳಿ ನನಗೆ ಭಕ್ತಿ ಹುಟ್ಟಲಿಲ್ಲ, ಆಸೆ ಹುಟ್ಟಿತು. ಯಾರೂ ಕರೆಯದ ಒಂದಿಷ್ಟು ಹೊತ್ತು ನನಗೂ ಬೇಕಿತ್ತು. ಮರುದಿನ ಅತ್ತೆಯ ಪೂಜೆ, ಊಟ ಎಲ್ಲ ಮುಗಿದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಮಣೆ ಹಾಕಿಕೊಂಡು, ಅಂಗೈ ಮೇಲೆ ಲಿಂಗವಿಟ್ಟು ಕೂತೆ. ಕೂತಲ್ಲೇ ನಿದ್ದೆ ಹೋದೆ. ಮಗಳು ಬಾಗಿಲು ಬಡಿದಾಗ ಎಚ್ಚರವಾಯಿತು. ಕೈ ಮಡಿಲಲ್ಲಿತ್ತು, ಲಿಂಗ ಮುಷ್ಟಿಯೊಳಗೆ ಬೆಚ್ಚಗಿತ್ತು. ಹೀಗೆ ಬಹಳ ದಿನ ನಡೆಯಿತು. ಕೆಲವು ದಿನ ನಿದ್ದೆ, ಕೆಲವು ದಿನ ಸಂತೆಯ ಲೆಕ್ಕ, ಎಲ್ಲೋ ಒಂದು ದಿನ ಏನೂ ಇಲ್ಲದೆ ಸುಮ್ಮನೆ ನೋಡುತ್ತ ಕೂತದ್ದು. ಅಡುಗೆಮನೆಯಲ್ಲಿ ಏನು ನಡೆದಿದೆ ಎಂದು ಅತ್ತೆ ಕೇಳಲಿಲ್ಲ.

ಆ ಮಳೆಗಾಲ ನನಗೆ ಚಳಿಜ್ವರ ಬಂತು. ಹಲ್ಲು ಕಟಕಟಿಸುವ ನಡುಕ, ಆಮೇಲೆ ಕಾವು. ಏಳಲು ಆಗಲಿಲ್ಲ. ಮೊದಲ ದಿನ ಮನೆಯವರು ರಜೆ ಸಿಗದೆ ಕೆಲಸಕ್ಕೆ ಹೋದರು. ಪಕ್ಕದ ಮನೆಯ ಆಪಾ ನಮ್ಮ ಮಗಳನ್ನು ತಮ್ಮಲ್ಲಿಟ್ಟುಕೊಂಡು, ನನಗೆ ಗಂಜಿ ತಂದು ಕುಡಿಸಿದರು. ಅತ್ತೆಗೆ ಕೈ ಹಿಡಿಯುವವರಿಲ್ಲ, ಪೂಜೆಯಾಗಲಿಲ್ಲ. ಸಂಜೆ ನಮ್ಮ ಮನೆಯವರು ಬಂದು ನೋಡಿದಾಗ ಅತ್ತೆಯ ತುಟಿ ಒಣಗಿ ಬಿಳಿಯಾಗಿತ್ತು. ನೀರನ್ನಾದರೂ ಕುಡಿಯಿರಿ ಎಂದು ಅವರು ಎಷ್ಟು ಹೇಳಿದರೂ ಅತ್ತೆ ಬಾಯಿ ತೆರೆಯಲಿಲ್ಲ. ಕೊನೆಗೆ ನಾನೇ ಹಾಸಿಗೆಯಿಂದ ಅಂದೆ, “ನೀವ ಹಿಡೀರಿ. ಅವ್ರ ಎದುರಿಗೆ ಕುಂತು ಕೆಳಗ ಕೈ ಕೊಡ್ರಿ, ಅಷ್ಟ.”

ಅವರು ಸ್ನಾನ ಮಾಡಿ ಬಂದು ಕೂತರು. ಎಷ್ಟು ತಿಕ್ಕಿದರೂ ಹೋಗದ ಎಣ್ಣೆಯ ಕಪ್ಪು ಅವರ ಬೆರಳ ಸಂದಿಗಳಲ್ಲಿತ್ತು. ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಮೊದಲು ಮಣಿಕಟ್ಟು ಹಿಡಿದರು, ಆಮೇಲೆ ಮೊಣಕೈ. ಅತ್ತೆ ಮೆಲ್ಲಗೆ ಹೇಳಿಕೊಟ್ಟರು. ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರ ತೋಳು ಅದುರತೊಡಗಿದ್ದು ನಾನು ಮಲಗಿದಲ್ಲಿಂದಲೇ ಕಾಣುತ್ತಿತ್ತು. ದಿನವೂ ಕಬ್ಬಿಣ ಎತ್ತುವ ತೋಳು ಅದು. ಪೂಜೆ ಮುಗಿದ ಮೇಲೆ ಭುಜ ಒತ್ತಿಕೊಳ್ಳುತ್ತ ನನ್ನ ಹತ್ತಿರ ಬಂದು ಕೂತರು, ದಿನಾ ಇಷ್ಟು ಹೊತ್ತು ಹಿಡಿಯುತ್ತೀಯಾ ಎಂದು ಕೇಳಿದರು. ಹೂಂ ಎಂದೆ. ನಾನು ಏಳುವವರೆಗೆ ಬೆಳಿಗ್ಗೆ ಬೇಗ ಎದ್ದು ಅವರೇ ಕೈ ಹಿಡಿದರು.

ನಾನು ಎದ್ದು ಓಡಾಡುವಂತಾದ ಮೊದಲ ದಿನ ಅತ್ತೆಗೆ ಸ್ನಾನ ಮಾಡಿಸಿ, ಎಂದಿನಂತೆ ಎದುರು ಕೂತು ಕೈ ಚಾಚಿದೆ. ಅವರು ತಮ್ಮ ಬಲಗೈಯಿಂದ ನನ್ನ ಕೈ ಸರಿಸಿದರು.

“ಇವತ್ತಿಂದ ಮೊದಲ ನೀ ಪೂಜಿ ಮಾಡ್ಕೋ. ಆಮ್ಯಾಲ ನನ್ನ ಕೈ ಹಿಡಿ.”

ಹೊತ್ತಾಗುತ್ತದೆ, ನೀವು ಹಸಿದಿರುತ್ತೀರಿ ಎಂದೆ.

“ಹಸಿವು ನನಗೇನ್ ಹೊಸಾದಲ್ಲ. ನಿನ್ನ ಕೈ ನಡುಗತಿತ್ತು. ದಿನಾ ನನಗ ಲಿಂಗ ಕಾಣತಿದ್ದಿಲ್ಲ, ಅದು ಅಲ್ಲಾಡೋದಷ್ಟ ಕಾಣತಿತ್ತು. ಹೇಳಿದ್ರ ನೀ ಇನ್ನೂ ಗಟ್ಟಿ ಹಿಡೀತಿದ್ದಿ. ಅದಕ್ಕ ಹೇಳಲಿಲ್ಲ.”

ಇಷ್ಟು ದಿನ ನಾನೊಬ್ಬಳೇ ಸಹಿಸಿಕೊಂಡಿದ್ದೇನೆ ಎಂದುಕೊಂಡಿದ್ದೆ. ನನಗೆ ಅಳು ಬಂತು, ಜ್ವರದ ನಿತ್ರಾಣವೂ ಇದ್ದೀತು. ಅವರ ಎದುರಿನಲ್ಲೇ ಕೂತು ನನ್ನ ಕರಡಿಗೆ ತೆರೆದೆ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕಾದರು. ಮಗಳು ಬಂದು ನನ್ನ ಸೆರಗು ಎಳೆದಾಗ, ಅವ್ವ ಪೂಜೆಗೆ ಕೂತಿದ್ದಾಳೆ, ಇಲ್ಲಿ ಬಾ ಎಂದು ತಮ್ಮ ಬಲಗೈ ಚಾಚಿ ಅವಳನ್ನು ಕರೆದುಕೊಂಡರು.

ಹಾಗೆ ನಾಲ್ಕೈದು ವರ್ಷ ನಡೆಯಿತು. ಕೆಲಸವೇನೂ ಕಡಿಮೆಯಾಗಲಿಲ್ಲ. ರೇಶನ್ನಿನ ಮುಗ್ಗಲು ಜೋಳ ಬಂತು, ಎರಡನೆಯ ಹೆರಿಗೆಯಾಯಿತು, ಬಾವಿಯ ನೀರು ತಳ ಕಂಡಿತು. ಪೂಜೆಯಿಂದ ಶಾಂತಿ ಸಿಕ್ಕಿತೇ ಎಂದು ಈಗಿನವರು ಕೇಳಿದರೆ ಹೌದೆನ್ನಲು ನನಗೆ ಬಾಯಿ ಬರುವುದಿಲ್ಲ. ದಿನವೂ ಮೊದಲು ನನ್ನ ಪೂಜೆಗೆ ಕುಳಿತು, ಆಮೇಲೆ ಕೆಲಸಕ್ಕೆ ಎದ್ದೆ, ಅಷ್ಟು ನಿಜ. ಕೈ ನಡುಗುವುದು ಕಡಿಮೆಯಾಯಿತು. ರವಿವಾರದ ದಿನ ನಮ್ಮ ಮನೆಯವರೇ ಅತ್ತೆಯ ಕೈ ಹಿಡಿಯುತ್ತಿದ್ದರು. ಕೆಲವು ರವಿವಾರ ಮರೆಯುತ್ತಲೂ ಇದ್ದರು.

ಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ ಸ್ನಾನಕ್ಕೆ ಎಬ್ಬಿಸಲು ಹೋದಾಗ ಅತ್ತೆ ಏಳಲಿಲ್ಲ. ಅಯ್ಯನವರು ಬಂದು, ಪದ್ಧತಿಯಂತೆ ಅವರನ್ನು ಕೂಡಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡಿಸಿದರು. ಬಂದವರೆಲ್ಲ ಹೋದ ಮೇಲೆ ನಾನು ಮಲಗಿದೆ. ಎಚ್ಚರವಾದಾಗ ಮರುದಿನದ ಬಿಸಿಲು ಅಂಗಳಕ್ಕೆ ಬಂದಿತ್ತು. ನಮ್ಮ ಮನೆಯವರು ತಾವೇ ಅನ್ನ ಬೇಯಿಸಿ, ಮಕ್ಕಳಿಗೆ ಉಣಿಸಿ, ಪಕ್ಕದ ಮನೆಗೆ ಬಿಟ್ಟು ಕಾರಖಾನೆಗೆ ಹೋಗಿದ್ದರು. ಅನ್ನ ತಳ ಹತ್ತಿತ್ತು. ನಾನು ಸ್ನಾನ ಮಾಡಿ, ಪೂಜೆ ಮಾಡಿಕೊಂಡು, ಆ ತಣ್ಣನೆಯ ಅನ್ನವನ್ನೇ ಉಂಡು, ಪಾತ್ರೆ ತಿಕ್ಕಲು ಕೂತೆ.