ಒಡಪಿನ ಇಂಗ್ಲಿಷು

ಆಟ ಆಡಿಸಿ ಇಂಗ್ಲಿಷ್ ಕಲಿಸಿದ್ದು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಅದಕ್ಕಾಗಿ ನನ್ನನ್ನು ಹೊನ್ನಾಳಿಯಿಂದ ಜಗಳೂರಿಗೆ ಎತ್ತಿ ಒಗೆದರು. ಒಗೆಯಲಿ, ಅದಕ್ಕೇನಂತೆ!

ಅದು ಎರಡನೇ ಮಹಾಯುದ್ಧದ ಕಾಲ. ಹೊನ್ನಾಳಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಹಂಗಾಮಿ ಉಪಾಧ್ಯಾಯಿನಿ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಉಣ್ಣಬೇಕಿತ್ತು. ಇನ್ಸ್‌ಪೆಕ್ಟರ್ ಬಂದು ಪಾಠ ನೋಡಿ ಒಂದು ರುಜು ಹಾಕಿದರೆ ನೌಕರಿ ಕಾಯಂ. ಆಮೇಲೆ ಬಾಡಿಗೆಗೆ ಕೋಣೆ ಹಿಡಿದು ನನ್ನ ಅಡುಗೆ ನಾನೇ ಮಾಡಿಕೊಳ್ಳಬಹುದು. ನನಗೆ ಬೇಕಿದ್ದದ್ದು ಇಷ್ಟೇ.

ಮಕ್ಕಳಿಗೆ ಇಂಗ್ಲಿಷ್ ನುಡಿಗಟ್ಟು, ಗಾದೆಗಳ ಉದ್ದದ ಪಟ್ಟಿಯೊಂದಿತ್ತು. ನನಗಿಂತ ಮುಂಚೆ ಇದ್ದ ಮೇಷ್ಟ್ರು ಅದನ್ನು ಬಾಯಿಪಾಠ ಮಾಡಿಸಿದ್ದರು. ಹುಡುಗಿಯರು ಗಡಗಡ ಒಪ್ಪಿಸುತ್ತಿದ್ದರು, ಯಾವಾಗ ಬಳಸುವುದು ಎಂದು ಕೇಳಿದರೆ ಕಣ್ಣು ಕಣ್ಣು ಬಿಡುತ್ತಿದ್ದರು. ಥೂ, ಇದೂ ಒಂದು ಕಲಿಕೆಯೇ? ಆಗ ನನಗೆ ಹೊಳೆದದ್ದು ಒಡಪು. ನಮ್ಮ ಕಡೆ ಹೊಸ ಸೊಸೆಯನ್ನು ಹೊಸ್ತಿಲಲ್ಲೇ ತಡೆಯುತ್ತಾರೆ. ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೇ ಒಳಗೆ ಬಿಡುವುದು. ಗೌಡರ ಮನೆಯ ಸೊಸೆಯಾದರೂ ವಿನಾಯಿತಿ ಇಲ್ಲ. ನನ್ನಂಥ ಗಂಡ ಸತ್ತವಳನ್ನು ಮಾತ್ರ ಯಾರೂ ತಡೆಯುವುದಿಲ್ಲ. ಆ ಸಂಕಟವೂ ಒಳಗೆ ಇತ್ತೇನೋ.

ತರಗತಿಯ ಬಾಗಿಲಿಗೆ ದಿನಕ್ಕೊಬ್ಬಳನ್ನು ಕಾವಲು ನಿಲ್ಲಿಸಿದೆ. ಅವಳ ಕೈಯಲ್ಲಿ ಚೀಟಿಗಳ ಡಬ್ಬಿ. ಚೀಟಿಯಲ್ಲಿ ಬಂದ ಮಾತನ್ನು ತನ್ನ ಮನೆಯ ಸಂಗತಿಗೆ ಹೊಂದಿಸಿ ಹೇಳಿದವಳು ಒಳಗೆ, ಹೇಳದವಳು ಹೊರಗೆ. ಮೊಸಳೆ ಕಣ್ಣೀರಿನ ಚೀಟಿ ಎತ್ತಿದ ಒಬ್ಬಳು, "ಮೊಸಳೆ ಹೊಳೇಲಿ ಐತೆ, ಅದರ ಕಣ್ಣೀರು ನಮ್ಮ ಸಣ್ಣತ್ತೆ ಹತ್ರ ಐತ್ರೀ" ಎಂದಳು. ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಳು. ನಕ್ಕು ನಕ್ಕು ಸಾಕಾಯಿತು. ಎರಡು ತಿಂಗಳಲ್ಲಿ ಪಟ್ಟಿಯ ಮಾತೆಲ್ಲ ಅವರ ದಿನಬಳಕೆಗೆ ಬಂದಿತ್ತು.

ಹೆಡ್‌ಮಾಸ್ಟರಿಗೆ ಇದು ಸರಿಬರಲಿಲ್ಲ. "ಇನ್ಸ್‌ಪೆಕ್ಟರ್ ಸಾಹೇಬ್ರು ಬರೋ ದಿನ ಈ ಹುಡುಗಾಟ ಬಂದ್ ಮಾಡ್ರಿ. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ" ಎಂದರು.

"ಪಾಠ ನೋಡಾಕೆ ಬರೋರು ನಾ ಮಾಡೋ ಪಾಠಾನೇ ನೋಡ್ಲಿ ಬಿಡ್ರಿ" ಎಂದೆ.

ಸಾಹೇಬರು ಬಂದರು. ಆ ದಿನ ಬಾಗಿಲಲ್ಲಿದ್ದದ್ದು ಎಣ್ಣೆಗಾಣದವರ ಮಗಳು, ಹನ್ನೆರಡು ವರ್ಷದವಳು. ಸೀದಾ ಅವರ ಮುಂದೆ ಡಬ್ಬಿ ಹಿಡಿದಳು! ಅವರು ನಕ್ಕು ಚೀಟಿ ಎತ್ತಿದರು. ಕೇಳಿದರೂ ಕೇಳದಂತಿರುವುದು ಎಂಬ ಅರ್ಥದ ನುಡಿಗಟ್ಟು. ಅರ್ಥವನ್ನು ಇಂಗ್ಲಿಷಿನಲ್ಲಿ ಠೀವಿಯಿಂದ ವಿವರಿಸಿದರು. ಹುಡುಗಿ ಜರುಗಲಿಲ್ಲ.

"ಅದು ಪುಸ್ತಕದ್ದಾತ್ರೀ. ನಿಮ್ಮ ಮನೇದು ಹೇಳ್ರಿ."

ಸಾಹೇಬರು ಚೀಟಿಯನ್ನು ಮಗುಚಿ ನೋಡಿ, ಮತ್ತೆ ಅದೇ ಅರ್ಥವನ್ನೇ ಒಪ್ಪಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಹುಡುಗಿಯ ರಟ್ಟೆ ಹಿಡಿದು ಈಚೆ ಎಳೆಯಬಹುದಿತ್ತು. ಎಳೆಯಲಿಲ್ಲ. ಅವರು ಕೆಂಪಗಾಗಿ ಹೊಸ್ತಿಲು ದಾಟದೆ ಹಿಂದಿರುಗಿದರು.

ಸಂಜೆ ಹೆಡ್‌ಮಾಸ್ಟರು ಕರೆಸಿದರು. "ನಾಳೆ ಪ್ರಾರ್ಥನೆ ಹೊತ್ತಿಗೆ ಆ ಹುಡುಗಿ ಕಿವಿ ಹಿಡ್ಕೊಂಡು ತಪ್ಪಾತು ಅನ್ಲಿ. ಸಾಹೇಬ್ರು ರುಜು ಹಾಕ್ತಾರಂತೆ."

"ಆಟ ಕಟ್ಟಿದೋಳು ನಾನು. ಅವಳು ನಾ ಹೇಳಿದಂಗೆ ಆಡಿದ್ಲು. ತಪ್ಪು ಎಲ್ಲೈತ್ರೀ?"

"ಹಟ ಮಾಡಬ್ಯಾಡ್ರಿ ತಾಯಿ."

"ಮಾಡ್ತೀನಿ."

ಸುದ್ದಿ ಆ ಹುಡುಗಿಗೂ ಮುಟ್ಟಿತು. ಬೆಳಿಗ್ಗೆ ಅಣ್ಣನ ಮನೆಗೆ ಓಡಿ ಬಂದಳು. "ಅಕ್ಕೋರೇ, ನಾ ಕಿವಿ ಹಿಡೀತೀನ್ರೀ. ಎರಡು ನಿಮಿಷದ ಮಾತು. ನಿಮ್ಮ ನೌಕರಿ ಉಳೀತೈತೆ."

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೆ ಆಸೆಯಾಯಿತು. ಅಡುಗೆಮನೆಯಿಂದ ಅತ್ತಿಗೆ ಇಣುಕಿ, "ಮಗೀನೇ ಒಪ್ಪೈತಲ್ಲ, ನಿಂದೇನು ಮತ್ತೆ?" ಎಂದಳು. ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು.

"ಕೈ ಕಿವಿಗೆ ಹೋದ್ರೆ ಜೋಕೆ!" ಎಂದು ಹುಡುಗಿಯನ್ನು ಗದರಿದೆ. "ನಿನಗೆ ಬರ್ತಿತ್ತು, ಅವರಿಗೆ ಬರಲಿಲ್ಲ. ಅದಕ್ಕೆ ನೀನ್ಯಾಕೆ ತಪ್ಪಾತು ಅನ್ಬೇಕು?" ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ಅವಳನ್ನು ಮುಂದೆ ಕರೆದರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಇಬ್ಬರೂ ಕೈ ಇಳಿಬಿಟ್ಟುಕೊಂಡು ನಿಂತೆವು. ಇಡೀ ಶಾಲೆ ನೋಡಿತು. ಅವಳ ಕೈ ಮೇಲೇಳಲಿಲ್ಲ.

ಹದಿನೈದು ದಿನಕ್ಕೆ ವರ್ಗದ ಹುಕುಂ ಬಂತು, ಹಂಗಾಮಿಯಾಗಿಯೇ. ಪೆಟ್ರೋಲ್ ಸಿಗದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನ ಹೊಗೆಯಲ್ಲಿ ಕೆಮ್ಮುತ್ತಾ ಜಗಳೂರು ಸೇರಿದೆ. ಅಲ್ಲಿ ನನಗೆ ಅಣ್ಣನೂ ಇರಲಿಲ್ಲ, ಅತ್ತಿಗೆಯೂ ಇರಲಿಲ್ಲ. ಬೇರೆ ದಾರಿಯಿಲ್ಲದೆ, ಆ ಪುಡಿಗಾಸು ಸಂಬಳದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಮೊದಲ ದಿನ ಬಡಿದ ರೊಟ್ಟಿಗಳೆಲ್ಲ ಸೀದುಹೋದವು. ಅವನ್ನೇ ಮುಂದಿಟ್ಟುಕೊಂಡು ಹೊಟ್ಟೆ ತುಂಬ ತಿಂದೆ.