ಅತ್ತೆ ಸೌಟು ಕೆಳಗಿಟ್ಟ ದಿನ

ನನ್ನ ಮಗಳು ಹುಟ್ಟಿದ್ದು ಎಂಟನೇ ತಿಂಗಳಿಗೆ. ಮೊದಲ ಸಲ ನೋಡಿದಾಗ ಗಾಜಿನ ಪೆಟ್ಟಿಗೆಯೊಳಗೆ, ಕಣ್ಣು ಬಿಡದ ಅಳಿಲು ಮರಿಯ ಹಾಗೆ ಮಲಗಿದ್ದಳು. ಎತ್ತಿಕೊಳ್ಳಲು ನನಗೇ ಭಯ. ಮನೆಗೆ ಕಳಿಸುವಾಗ ನರ್ಸ್, "ಮಗೂನ ಎದೆಗೆ ಅವುಚಿಕೊಂಡೇ ಇರಿ, ಮೈಬಿಸಿ ತಾಗ್ತಾ ಇರಬೇಕು" ಅಂದಿದ್ದರು. ನನಗೆ ಆಪರೇಷನ್ ಆಗಿತ್ತು, ಕೂತರೆ ಹೊಲಿಗೆ ಎಳೆಯುತ್ತಿತ್ತು. ಹಾಗಾಗಿ ಹೆಚ್ಚು ಹೊತ್ತು ಮಗುವನ್ನು ಎದೆಗೆ ಹಾಕಿಕೊಂಡು ಕೂತವರು ನನ್ನ ಅತ್ತೆ. ಗೋಡೆಗೆ ಒರಗಿದ ಬೆನ್ನು, ಸೆರಗಿನೊಳಗೆ ಮಗು. ಹಸುವಿನ ಹಾಲು ಕರೆಯುವುದಕ್ಕೂ ಅವರು ಏಳಲಿಲ್ಲ. "ನಾನೆದ್ರೆ ಮಗೀಗೆ ಚಳಿ ಆಗ್ತದೆ, ನೀನೇ ಕರ್ಕೋ" ಎಂದು ಮಗನಿಗೆ ಹೇಳಿಬಿಟ್ಟರು.

ನಮ್ಮದು ದೇವನಹಳ್ಳಿ ಕಡೆ, ಆವತಿಯ ಹತ್ತಿರದ ಹಳ್ಳಿ. ಸ್ವಲ್ಪ ದ್ರಾಕ್ಷಿ ತೋಟ, ಕೊಟ್ಟಿಗೆಯಲ್ಲಿ ಸೀಮೆಹಸುಗಳು. ತೋಟವನ್ನು ನಮ್ಮನೆಯವರು ನೋಡಿಕೊಳ್ಳುತ್ತಾರೆ. ನಾನು ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಬೆಳಗ್ಗೆ ಕಂಪನಿ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಯೇ. ಮಗಳು ಬೆಳೆದದ್ದು ಅಜ್ಜಿಯ ಕೈಯಲ್ಲಿ.

ಒಂದು ವರ್ಷ ತುಂಬುವವರೆಗೂ ಬಂದವರೆಲ್ಲ "ಇದೇನಮ್ಮ ಮಗು ಹಿಂಗೈತೆ, ಕಡ್ಡಿ ಇದ್ದಂಗೆ" ಅನ್ನುತ್ತಿದ್ದರು. ಅತ್ತೆ ಬಾಯಿಗೆ ಬಾಯಿ ಕೊಡುತ್ತಿರಲಿಲ್ಲ. ಬಂದವರು ಹೋದ ಮೇಲೆ ರಾಗಿ ಸರಿಗೆ ಇನ್ನೊಂದು ಚಮಚ ತುಪ್ಪ ಬೀಳುತ್ತಿತ್ತು. ಮಗುವಿನ ತೋಳಿನಲ್ಲಿ ಮೊದಲ ಮಡಿಕೆ ಮೂಡಿದ ದಿನ ಅತ್ತೆ ಅದನ್ನು ಬೀದಿಯವರಿಗೆಲ್ಲ ತೋರಿಸಿದ್ದರು. ನನಗೂ ಹಬ್ಬವಾದಂತಾಗಿತ್ತು. ಆಗ ಅದು ಹಬ್ಬವೇ.

ಆದರೆ ನಾವು ಅಲ್ಲಿಗೆ ನಿಲ್ಲಿಸಲಿಲ್ಲ. ನಿಲ್ಲಿಸಬೇಕು ಅಂತ ಯಾರಿಗೂ ಹೊಳೆಯಲೂ ಇಲ್ಲ. ಶಾಲೆಗೆ ಸೇರಿಸಿದಾಗ ವ್ಯಾನು ಬಾಗಿಲಿಗೇ ಬರುತ್ತಿತ್ತು. ನಾನು ಮದುವೆಯಾಗಿ ಬಂದಾಗ ಮಕ್ಕಳು ಆಡುತ್ತಿದ್ದ ಕಣದ ಜಾಗಕ್ಕೆ ತಂತಿ ಬೇಲಿ ಬಿತ್ತು, ಆಮೇಲೆ ಗೋದಾಮು ಎದ್ದಿತು. ಊರೊಳಗಿನ ರಸ್ತೆಯಲ್ಲಿ ಜಲ್ಲಿ ಲಾರಿ, ಟಿಪ್ಪರ್‌ಗಳ ಓಡಾಟ. "ಹೊರಗೆ ಹೋಗ್ಬೇಡ ಮಗಾ, ಗಾಡಿ ಬರ್ತವೆ" ಎಂದು ಅಜ್ಜಿ ಒಳಗೆ ಕೂರಿಸುತ್ತಿದ್ದರು. ಒಳಗೆ ಕೂತ ಮಗುವಿಗೆ ಟೀವಿ, ಕೈಗೊಂದು ತಟ್ಟೆ. ಡೈರಿಗೆ ಹಾಲು ಹಾಕಿ ಬರುವಾಗ ನಮ್ಮನೆಯವರು ಬೇಕರಿಯಿಂದ ದಿಲ್‌ಪಸಂದ್ ತರುತ್ತಿದ್ದರು. ನಾನು ಬಸ್ಸಿಳಿದು ಬರುವಾಗ ಚಿಪ್ಸ್ ಪ್ಯಾಕೆಟ್ಟು. ಮಲಗುವ ಮುಂಚೆ ದೊಡ್ಡ ಲೋಟದಲ್ಲಿ ಹಾಲು, ಅದಕ್ಕೆ ಸಕ್ಕರೆ, ಮೇಲೊಂದು ಚಮಚ ಡಬ್ಬಿಯ ಚಾಕೊಲೇಟ್ ಪುಡಿ. ಊಟದ ಹೊತ್ತಿನಲ್ಲಿ ಅತ್ತೆ ಸೌಟು ಹಿಡಿದು ಅವಳ ಹಿಂದೆಯೇ ನಿಲ್ಲುವರು. ಬೇಡ ಅನ್ನುವಷ್ಟರಲ್ಲಿ ಬಿದ್ದಿರುತ್ತಿತ್ತು.

ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳಿಗೆ ಹೈಸ್ಕೂಲು ಮಕ್ಕಳ ಅಳತೆಯ ಯೂನಿಫಾರ್ಮು ತಂದು ಉದ್ದ ಕತ್ತರಿಸಿ ಹೊಲಿಸಬೇಕಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಮಧ್ಯಾಹ್ನ ಕಣ್ಣು ಮುಚ್ಚಿದರೂ ಗೊರಕೆ. ಇವೆಲ್ಲಕ್ಕಿಂತ ಅತ್ತೆಯನ್ನು ಕಾಡಿದ್ದು ಅವಳ ಕತ್ತು. ಕತ್ತಿನ ಸುತ್ತ ಕಪ್ಪು ಪಟ್ಟಿಯೊಂದು ಬಂದಿತ್ತು, ಮಡಿಕೆ ಮಡಿಕೆಯಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ. ಕೊಳೆ ಕೂತಿದೆ ಎಂದುಕೊಂಡು ಪ್ರತಿ ಭಾನುವಾರ ಕಡಲೆಹಿಟ್ಟು, ಮೊಸರು ಹಚ್ಚಿ ಉಜ್ಜುವರು.

"ಅಜ್ಜಿ, ಉರಿಯತ್ತೆ!"

"ಇರು ಮಗಾ, ಇನ್ನೊಂಚೂರು. ಹೆಣ್ಮಗು ಕತ್ತು ಹಿಂಗಿದ್ರೆ ನೋಡ್ದೋರು ಏನಂತಾರೆ?"

ಕತ್ತು ಕೆಂಪಾಗುತ್ತಿತ್ತು, ಕಪ್ಪು ಹೋಗುತ್ತಿರಲಿಲ್ಲ.

ಐದನೇ ಕ್ಲಾಸಿನ ಮಳೆಗಾಲದಲ್ಲಿ ಒಂದು ಬೆಳಗ್ಗೆ ಆಫೀಸಿಗೆ ಫೋನ್ ಬಂತು. ಅವಳ ಕ್ಲಾಸ್ ಟೀಚರು. "ಗಾಬರಿ ಆಗ್ಬೇಡಿ. ಪ್ರೇಯರ್‌ನಲ್ಲಿ ತಲೆ ಸುತ್ತಿ ಬಿದ್ದಳು. ಈಗ ಎದ್ದು ಕೂತಿದ್ದಾಳೆ, ನೀರು ಕುಡಿಸಿದ್ದೀವಿ. ನೀವು ಬಂದರೆ ಒಳ್ಳೇದು."

ನಾನು ಹೇಗೆ ಶಾಲೆ ತಲುಪಿದೆನೋ ಸರಿಯಾಗಿ ನೆನಪಿಲ್ಲ. ಮಗಳು ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂತಿದ್ದಳು. ನಮ್ಮನೆಯವರು ನನಗಿಂತ ಮುಂಚೆ ಬಂದಿದ್ದರು, ಬೈಕಿನ ಹಿಂದೆ ಅತ್ತೆಯನ್ನೂ ಕೂರಿಸಿಕೊಂಡು. ಟೀಚರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು.

"ಬೆಳಗ್ಗೆ ತಿಂಡಿ ತಿಂದು ಬರ್ತಾಳಾ?"

"ಅಯ್ಯೋ, ತಿನ್ನದೇ? ಮೂರು ದೋಸೆ ಬಾಕ್ಸಿಗೂ ಹಾಕ್ತೀವಿ."

"ಬಾಕ್ಸು ಅವಳು ತೆರೆಯೋದೇ ಇಲ್ವಂತೆ. ಪಕ್ಕದ ಹುಡುಗಿ ಈಗ ಹೇಳಿದಳು. ತುಂಬ ದಿನದಿಂದ ಹೀಗೇ ಅಂತೆ."

ನಾನು ಮಗಳ ಮುಂದೆ ಕೂತು ಕೇಳಿದೆ. ಬಿಕ್ಕುತ್ತ ಒಂದೊಂದೇ ಹೇಳಿದಳು. ಸ್ವಾತಂತ್ರ್ಯ ದಿನದ ಡ್ಯಾನ್ಸಿಗೆ ಸಾಲು ನಿಲ್ಲಿಸುವಾಗ ಜೊತೆಯ ಮಕ್ಕಳು "ಟಿಪ್ಪರ್ ಬಂತು, ದಾರಿ ಬಿಡ್ರೋ" ಎಂದು ನಕ್ಕಿದ್ದರಂತೆ. ಅವತ್ತಿನಿಂದ ಬೆಳಗಿನ ತಿಂಡಿಯನ್ನು ವ್ಯಾನು ಬಂತು ಅನ್ನುವ ಗಡಿಬಿಡಿಯಲ್ಲಿ ಹಸುವಿನ ಕಲಗಚ್ಚಿನ ಬಕೆಟ್ಟಿಗೆ ಹಾಕುತ್ತಿದ್ದಳಂತೆ. ಮಧ್ಯಾಹ್ನದ್ದನ್ನು ಶಾಲೆಯ ಹಿಂದಿನ ನಾಯಿಗಳಿಗೆ.

ಬಾಗಿಲ ಬಳಿ ನಿಂತಿದ್ದ ಅತ್ತೆ ಒಳಗೆ ಬಂದರು. "ಕಲಗಚ್ಚಿನಾಗೆ ದೋಸೆ ಚೂರು ಕಂಡಿದ್ದೆ ಕಣಮ್ಮ. ಯಾರೋ ಮಿಕ್ಕಿದ್ದು ಸುರಿದವ್ರೆ ಅಂದ್ಕಂಡೆ" ಎಂದರು.

ಅವಳು ದಿನಾ ಸಂಜೆ ಯಾಕೆ ಅಷ್ಟು ತಿನ್ನುತ್ತಿದ್ದಳು ಅನ್ನುವುದು ನನಗೆ ಆಗ ಗೊತ್ತಾಯಿತು. ಹಗಲೆಲ್ಲ ಉಪವಾಸ, ಸಂಜೆ ತಡೆಯಲಾರದೆ ಕೈಗೆ ಸಿಕ್ಕಿದ್ದೆಲ್ಲ. ತೂಕ ಒಂದು ಚೂರೂ ಇಳಿದಿರಲಿಲ್ಲ.

ಶಾಲೆಯಿಂದ ನೇರವಾಗಿ ದೇವನಹಳ್ಳಿಗೆ, ಮಕ್ಕಳ ಡಾಕ್ಟರ ಹತ್ತಿರ ಹೋದೆವು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ತೂಕ, ಎತ್ತರ ನೋಡಿದರು, ಬಿಪಿ ನೋಡಿದರು. ಕತ್ತಿನ ಮೇಲೆ ಬೆರಳಾಡಿಸಿ, ಕೆಂಪಗೆ ತರಚಿದ್ದನ್ನು ಕಂಡು, "ಇದನ್ನ ಯಾರು ಉಜ್ಜಿದ್ದು?" ಎಂದರು.

ಅತ್ತೆ ಮೆಲ್ಲಗೆ ಕೈ ಎತ್ತಿದರು.

"ಇನ್ನು ಮೇಲೆ ಉಜ್ಜಬೇಡಿ ಅಜ್ಜಿ. ಇದು ಕೊಳೆ ಅಲ್ಲ. ದೇಹದಲ್ಲಿ ಸಕ್ಕರೆ ನೋಡ್ಕೊಳ್ಳೋ ಕೆಲಸ ಕಷ್ಟ ಆಗ್ತಿದೆ ಅಂತ ಚರ್ಮ ಕೊಡೋ ಸೂಚನೆ. ಮನೇಲಿ ಯಾರಿಗಾದರೂ ಶುಗರ್ ಇದೆಯಾ?"

ನನ್ನ ಮಾವನವರು ಹೋದದ್ದು ಶುಗರಿನಿಂದಲೇ. ಕಾಲಿನ ಗಾಯ ವಾಸಿಯಾಗದೆ, ಪಾದ ತೆಗೆದು, ಮಂಚ ಹಿಡಿದು. ಅವರ ಕಾಲು ತೊಳೆದು ಪಟ್ಟಿ ಕಟ್ಟುತ್ತಿದ್ದವರು ಅತ್ತೆ. ನಮ್ಮನೆಯವರೇ ಅದನ್ನು ಹೇಳಿದರು. ಡಾಕ್ಟರು ತಲೆಯಾಡಿಸಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕು ಅಂದರು. ಶುಗರ್, ಥೈರಾಯ್ಡ್, ಕೊಬ್ಬು ಎಲ್ಲ ನೋಡೋಣ. "ವಯಸ್ಸಿಗೆ ಮೀರಿದ ತೂಕ ಇದೆ. ಕಡಿಮೆ ಆಗಬೇಕು" ಎಂದೂ ಸೇರಿಸಿದರು.

ಆ ಮಾತಿಗೆ ಅತ್ತೆಯ ಮುಖ ಕೆಂಪಾಯಿತು. "ಡಾಕ್ಟರಮ್ಮ, ಈ ಮಗು ಒಂದೂಮುಕ್ಕಾಲು ಕೇಜಿ ಇತ್ತು. ಉಳಿಯಲ್ಲ ಅಂದಿದ್ರು. ನನ್ನ ಎದೆ ಮೇಲೆ ಇಟ್ಕಂಡು ಸಾಕಿದೀನಿ. ತಿಂದಿದ್ದು ಜಾಸ್ತಿ ಆಯ್ತು ಅಂತ ಈಗ ನನ್ಗೆ ಹೇಳ್ತೀರಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಜ್ಜಿ, ನೀವು ಸಾಕಿದ್ದಕ್ಕೇ ಅವಳು ಇವತ್ತು ಈ ಕುರ್ಚಿ ಮೇಲೆ ಕೂತಿರೋದು. ಆವಾಗ ಅವಳಿಗೆ ಅದು ಬೇಕಿತ್ತು. ಸಣ್ಣದಾಗಿ ಹುಟ್ಟಿ ಬೇಗ ಬೇಗ ದಪ್ಪ ಆದ ಮಕ್ಕಳಿಗೆ ಈ ತೊಂದರೆ ಬರೋ ಸಾಧ್ಯತೆ ಜಾಸ್ತಿ. ತಪ್ಪು ಯಾರದು ಅಂತ ನಾನು ಕೇಳ್ತಿಲ್ಲ. ಈಗ ಅವಳಿಗೆ ಬೇರೆ ಥರದ ಆರೈಕೆ ಬೇಕು ಅಂತಿದೀನಿ, ಅಷ್ಟೆ."

ಮನೆಗೆ ಬಂದ ಮೇಲೆ ಅತ್ತೆ ಮಾವನವರ ಫೋಟೋ ಇರುವ ಗೋಡೆಗೆ ಬೆನ್ನು ಕೊಟ್ಟು ಕಡಲೆಕಾಯಿ ಬಿಡಿಸುತ್ತ ಕೂತರು. ಸಿಪ್ಪೆ ಬುಟ್ಟಿಗೆ, ಬೀಜ ನೆಲಕ್ಕೆ ಬೀಳುತ್ತಿದ್ದುದು ಅವರಿಗೆ ಕಾಣುತ್ತಿರಲಿಲ್ಲ.

ಮಾರನೇ ದಿನ ರಕ್ತ ಕೊಟ್ಟು, ಸಂಜೆಯವರೆಗೆ ಕಾದೆವು. ಎದುರಿಗಿದ್ದ ಬೆಂಚಿನಲ್ಲಿ ಒಬ್ಬ ತಾಯಿ ಕೂಸಿಗೆ ಹಾಲು ಕುಡಿಸುತ್ತಿದ್ದರು. ಅತ್ತೆ ಆ ಕೂಸನ್ನೇ ನೋಡುತ್ತಿದ್ದರು. ನನಗೋ, ಹತ್ತು ವರ್ಷದ ಮಗುವಿಗೆ ಮಾತ್ರೆ, ಸೂಜಿ ಎಂದು ಏನೇನೋ ಯೋಚನೆ. ಕೊನೆಗೆ ಒಳಗೆ ಕರೆದರು. ಡಾಕ್ಟರು ರಿಪೋರ್ಟನ್ನು ಎರಡು ಸಲ ತಿರುವಿ ನೋಡಿದರು.

"ಶುಗರ್ ಬಂದಿಲ್ಲ. ಗಡಿ ಹತ್ತಿರ ಹೋಗಿದೆ, ದಾಟಿಲ್ಲ. ಥೈರಾಯ್ಡೂ ಸರಿ ಇದೆ."

ನನಗೆ ಕಣ್ಣು ಮಂಜಾಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಜೋರಾಗಿಯೇ ಅತ್ತುಬಿಟ್ಟರು. ಮಗಳು ಗಾಬರಿಯಾಗಿ "ಅಜ್ಜಿ, ಏನಾಯ್ತು? ನಂಗೇನಾಗಿದೆ?" ಅಂದಳು. "ಏನೂ ಆಗಿಲ್ಲ ಕಣೇ ಚಿನ್ನ, ಏನೂ ಆಗಿಲ್ಲ, ಅದಕ್ಕೇ" ಎಂದು ಅಳುತ್ತಲೇ ನಕ್ಕರು.

ಆಮೇಲೆ ಡಾಕ್ಟರು ಹೇಳಿದ್ದು ನನ್ನ ಎದೆಯ ಮೇಲಿನ ಇನ್ನೊಂದು ಕಲ್ಲನ್ನು ಇಳಿಸಿತು. ಔಷಧಿ ಬೇಡ, ಉಪವಾಸವಂತೂ ಬೇಡವೇ ಬೇಡ. ಬೆಳೆಯುವ ಮಗು, ತೂಕ ಇಳಿಸುವುದಕ್ಕೆ ಹೋಗಬೇಡಿ, ಇದ್ದಲ್ಲೇ ನಿಲ್ಲಿಸಿ ಸಾಕು, ಎತ್ತರ ತಾನಾಗಿ ಬಂದು ಸರಿಮಾಡುತ್ತದೆ. ಸಿಹಿ ಪಾನೀಯ, ಬೇಕರಿ ತಿಂಡಿ ಮನೆಗೇ ತರಬೇಡಿ. ಅವಳೊಬ್ಬಳಿಗೆ ಬೇರೆ ಅಡುಗೆ ಮಾಡಬೇಡಿ, ಎಲ್ಲರೂ ಅದನ್ನೇ ತಿನ್ನಿ. ದಿನಾ ಓಡಾಡಲಿ, ಆಡಲಿ, ಹೊತ್ತಿಗೆ ಮಲಗಲಿ. ಗೊರಕೆ ಕಡಿಮೆಯಾಗದಿದ್ದರೆ ಕಿವಿ ಮೂಗಿನ ಡಾಕ್ಟರಿಗೆ ತೋರಿಸೋಣ. "ಮತ್ತೆ ಅವಳನ್ನ ಯಾರೂ ಗುಂಡಮ್ಮ, ಡುಮ್ಮಿ ಅನ್ನಬಾರದು. ಪ್ರೀತಿಗೂ ಅನ್ನಬಾರದು" ಎಂದು ನಮ್ಮನೆಯವರ ಕಡೆ ನೋಡಿದರು. ಅವರು ತಲೆ ತಗ್ಗಿಸಿದರು. ಮನೆಯಲ್ಲಿ ಗುಂಡಮ್ಮ ಎಂದು ಕರೆಯುತ್ತಿದ್ದವರು ಅವರೇ.

ಹೇಳುವಷ್ಟು ಸಲೀಸಾಗಿ ಯಾವುದೂ ನಡೆಯಲಿಲ್ಲ. ಮೊದಲ ವಾರಗಳಲ್ಲಿ ಮಗಳು ಬೇಕರಿ ತಿಂಡಿಗಾಗಿ ಬಾಗಿಲು ಬಡಿದು ರಂಪ ಮಾಡಿದಳು. ಒಂದು ಸಂಜೆ ನಾನು ಬರುವ ಹೊತ್ತಿಗೆ ಅಡುಗೆ ಮನೆಯಲ್ಲಿ ಅತ್ತೆ ಅವಳ ಬಾಯಿಗೆ ತುಪ್ಪ ಬೆಲ್ಲ ಕಲಸಿದ ಚಪಾತಿ ತುರುಕುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ಅತ್ತೆ, ಡಾಕ್ಟ್ರು ಏನ್ ಹೇಳಿದ್ರು?"

ಅವರು ಕೈ ಒರೆಸಿಕೊಂಡರು. "ಗೊತ್ತು ಕಣಮ್ಮ. ನಂಗೆಲ್ಲ ಗೊತ್ತು. ಆದ್ರೆ ಅವಳ ತಟ್ಟೆ ಖಾಲಿ ಕಂಡ್ರೆ ನಂಗೆ ಆ ಗಾಜಿನ ಪೆಟ್ಟಿಗೆನೇ ಕಣ್ಮುಂದೆ ಬರ್ತದೆ. ಕೈ ತಡೆಯಲ್ಲ."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಆ ಪೆಟ್ಟಿಗೆ ನನ್ನ ಕಣ್ಣ ಮುಂದೂ ಬರುತ್ತಿತ್ತಲ್ಲ. ಇಬ್ಬರೂ ಕೂತು ಮಾತಾಡಿಕೊಂಡೆವು. ಇನ್ನು ಮೇಲೆ ಅವಳ ತಟ್ಟೆಗೆ ನಾವ್ಯಾರೂ ಬಡಿಸುವುದು ಬೇಡ, ಅವಳೇ ಬಡಿಸಿಕೊಳ್ಳಲಿ ಎಂದು ತೀರ್ಮಾನವಾಯಿತು. ಬೆಳಗ್ಗೆ ಎಲ್ಲರೂ ಒಟ್ಟಿಗೆ ಕೂತು ತಿಂದೇ ಏಳುವುದು.

ಡೈರಿಗೆ ನಡೆದುಹೋಗುವ ಯೋಚನೆ ಅತ್ತೆಯದೇ. "ನೀನು ಬೈಕಿನಾಗೆ ಹಾಲು ತಗಂಡೋಗೋದು ನಿಲ್ಸಪ್ಪ. ನಾನೂ ಮೊಮ್ಮಗಳೂ ನಡ್ಕಂಡು ಹಾಕ್ಬಿಟ್ಟು ಬರ್ತೀವಿ" ಎಂದು ಮಗನಿಗೆ ಹೇಳಿದರು. ಹಾಲಿನ ಡೈರಿ ಇರುವುದು ಊರಿನ ಆ ಕೊನೆಗೆ. ಮೊದಮೊದಲು ಮಗಳು ಅರ್ಧ ದಾರಿಗೇ ಕಟ್ಟೆ ಮೇಲೆ ಕೂತುಬಿಡುತ್ತಿದ್ದಳಂತೆ. ಅತ್ತೆಯೂ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರಂತೆ. ಇಬ್ಬರಲ್ಲಿ ಯಾರು ಮೊದಲು ಏಳುತ್ತಾರೆ ಅಂತ ಪಂದ್ಯ. ಬರುಬರುತ್ತ ಕ್ಯಾನು ಮಗಳ ಕೈಗೆ ಹೋಯಿತು. ಡೈರಿಯಲ್ಲಿ ಅವಳ ಓರಗೆಯ ಹುಡುಗಿಯರು ಸಿಕ್ಕರು. ಡೈರಿಯ ಪಕ್ಕದ ಹೊಸ ಲೇಔಟಿನಲ್ಲಿ ಸೈಟುಗಳು ಮಾರಾಟವಾಗದೆ ಖಾಲಿ ಬಿದ್ದಿದ್ದವು, ಟಾರು ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲ. ಹಾಲು ಹಾಕಿದ ಮೇಲೆ ಮಕ್ಕಳೆಲ್ಲ ಅಲ್ಲಿ ಕುಂಟೆಬಿಲ್ಲೆ, ಹಗ್ಗದಾಟ. ಕಾವಲಿನವರು ಮೊದಲು ಗದರಿದರು. ಅತ್ತೆ ಹೋಗಿ, "ಏನಪ್ಪಾ, ಟಾರು ಸವೆದೋಗ್ತದಾ? ಮಕ್ಳು ಆಡ್ಲಿ ಬಿಡು" ಎಂದು ಅಲ್ಲೇ ಕಲ್ಲಿನ ಮೇಲೆ ಕಾವಲು ಕೂತರು.

ಶಾಲೆಯಲ್ಲಿ ಟೀಚರು ಆ ಮಕ್ಕಳನ್ನು ಕರೆದು ಮಾತಾಡಿದ್ದರು. ಅಣಕ ಪೂರ್ತಿ ನಿಂತಿತೆಂದು ಹೇಳಲಾರೆ. ಆದರೆ ಮಗಳು ಮನೆಗೆ ಬಂದು ಹೇಳತೊಡಗಿದಳು. ಹೇಳಿಕೊಂಡು ಅಳುವ ಮಗು ಮುಚ್ಚಿಡುವ ಮಗುವಲ್ಲ ಎಂದು ನನಗೆ ಧೈರ್ಯ.

ಒಂದು ಭಾನುವಾರ ಮಧ್ಯಾಹ್ನ ಮುದ್ದೆ, ಬಸ್ಸಾರು, ಹುರುಳಿಕಾಯಿ ಪಲ್ಯ ಮಾಡಿದ್ದೆ. ಮಗಳು ತಾನೇ ಬಡಿಸಿಕೊಂಡು ತಿಂದಳು. ಅವಳ ತಟ್ಟೆಯಲ್ಲಿ ಸಾರು ಮುಗಿದದ್ದು ಕಂಡು ಅತ್ತೆಯ ಕೈ ಅಭ್ಯಾಸಬಲದಿಂದ ಸೌಟಿಗೆ ಹೋಯಿತು. ಸೌಟು ತಟ್ಟೆಯ ಮೇಲೆ ಬಂತು.

"ಸಾಕು ಅಜ್ಜಿ, ಹೊಟ್ಟೆ ತುಂಬ್ತು" ಅಂದಳು ಮಗಳು, ಯಾವ ಮುನಿಸೂ ಇಲ್ಲದೆ.

ಸೌಟು ಗಾಳಿಯಲ್ಲೇ ನಿಂತಿತು. ಅತ್ತೆ ಅವಳ ಮುಖ ನೋಡಿದರು. ಆಮೇಲೆ ನಿಧಾನವಾಗಿ ಸಾರನ್ನು ಪಾತ್ರೆಗೇ ಬಗ್ಗಿಸಿ, ಸೌಟು ಕೆಳಗಿಟ್ಟು, "ತುಂಬ್ತಾ? ಸರಿ, ಕೈ ತೊಳ್ಕೋ ಹೋಗು" ಎಂದರು. ಅವಳು ಎದ್ದು ಹೋದ ಮೇಲೂ ಆ ಸೌಟನ್ನು ಅವರು ಮತ್ತೆ ಮುಟ್ಟಲಿಲ್ಲ. ಅವತ್ತು ನನ್ನ ತಟ್ಟೆಗೆ ನಾನೇ ಬಡಿಸಿಕೊಂಡೆ.

ಇದಾಗಿ ಎರಡು ವರ್ಷವಾಗುತ್ತ ಬಂತು. ಮಗಳು ತೆಳ್ಳಗಾಗಿಲ್ಲ, ನಮ್ಮ ವಂಶದ ಮೈಕಟ್ಟೇ ದುಂಡಗೆ. ಆದರೆ ಎತ್ತರ ಬಂದಿದ್ದಾಳೆ, ಮೈ ಹಗುರಾಗಿದೆ, ಗೊರಕೆ ತಾನಾಗಿ ನಿಂತಿತು. ಕತ್ತಿನ ಕಪ್ಪು ಮಾಸಿದೆ, ಪೂರ್ತಿ ಹೋಗಿಲ್ಲ. ಕಳೆದ ತಿಂಗಳು ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು. ಡಾಕ್ಟರು ರಿಪೋರ್ಟು ನೋಡಿ, ಈ ಸಲ ಒಂದೇ ಸಲ ತಿರುವಿ, "ಚೆನ್ನಾಗಿದೆ. ಇನ್ನು ವರ್ಷಕ್ಕೊಂದ್ಸಲ ಬಂದರೆ ಸಾಕು" ಎಂದು ನಕ್ಕರು.

ಹೊರಗೆ ಬಂದಾಗ ಬಿಸಿಲು ಹಿತವಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಿಂದ ದೋಸೆಯ ವಾಸನೆ ಬರುತ್ತಿತ್ತು. ಅತ್ತೆ ನನ್ನ ಮುಖ ನೋಡಿದರು, ನಾನು ಮಗಳ ಮುಖ ನೋಡಿದೆ. ಮೂವರೂ ಒಳಗೆ ಹೋಗಿ ಒಂದೊಂದು ಮಸಾಲೆ ದೋಸೆ ಹೇಳಿದೆವು. ರಿಪೋರ್ಟಿಗೆ ಕಾಯುತ್ತ ಮಧ್ಯಾಹ್ನದ ಊಟ ತಪ್ಪಿತ್ತು. ಮಗಳು ತನ್ನ ಶಾಲೆಯ ಯಾವುದೋ ಕತೆ ಹೇಳುತ್ತ, ಗರಿಗರಿ ಅಂಚನ್ನು ಮುರಿದು ಚಟ್ನಿಗೆ ಅದ್ದಿ ತಿನ್ನುತ್ತಿದ್ದಳು. ಅತ್ತೆ ತಮಗೊಂದು ಕಾಫಿ ಹೇಳಿದರು.